ಒಪ್ಪುವ ಸಭೆ ಸಿಗದವನು ಕಂಡುಕೊಂಡದ್ದು

1631ರ ಫೆಬ್ರವರಿಯಲ್ಲಿ 'ಲಯನ್' ಎಂಬ ಹಡಗು ಮ್ಯಾಸಚೂಸೆಟ್ಸ್ ತೀರ ಮುಟ್ಟಿತು. ಅದರಿಂದ ಇಳಿದವರಲ್ಲಿ ಇನ್ನೂ ಮೂವತ್ತು ತುಂಬದ ಪಾದ್ರಿ ರೋಜರ್ ವಿಲಿಯಮ್ಸ್ ಮತ್ತು ಆತನ ಹೆಂಡತಿ ಮೇರಿ ಇದ್ದರು. ಬಾಸ್ಟನ್ನಿನ ಸಭೆಯಲ್ಲಿ ಆಗ ಉಪದೇಶ ಮಾಡುತ್ತಿದ್ದವರು ಇಂಗ್ಲೆಂಡಿಗೆ ಹೊರಟು ನಿಂತಿದ್ದರು. ಕೇಂಬ್ರಿಜ್‌ನಲ್ಲಿ ಓದಿದ, ದೈವಭಕ್ತ, ಮಾತು ಬಲ್ಲ ಯುವಕ ತಾನಾಗಿ ಬಂದಿಳಿದಾಗ ಸಭೆಯವರಿಗೆ ಇನ್ನೇನು ಬೇಕು? ಆ ಜಾಗಕ್ಕೆ ಆತನನ್ನೇ ಕರೆದರು. ಹೊಸ ವಸಾಹತಿನಲ್ಲಿ ಒಬ್ಬ ಪಾದ್ರಿಗೆ ಅದಕ್ಕಿಂತ ಮರ್ಯಾದೆಯ ಕೆಲಸ ಇರಲಿಲ್ಲ. ವಿಲಿಯಮ್ಸ್ ಒಲ್ಲೆ ಎಂದ. ನೀವಿನ್ನೂ ಇಂಗ್ಲೆಂಡಿನ ಚರ್ಚಿನ ನಂಟು ಪೂರ್ತಿ ಕಡಿದುಕೊಂಡಿಲ್ಲ, ಅಂಥವರಿಗೆ ನಾನು ಸಭಾಪಾಲಕನಾಗಲಾರೆ ಎಂಬುದು ಆತ ಕೊಟ್ಟ ಕಾರಣ.

ಈ ಹಟ ಅರ್ಥವಾಗಬೇಕಾದರೆ ಆ ಕಾಲದ ಪಂಗಡಗಳ ಪರಿಚಯ ಸ್ವಲ್ಪ ಇರಬೇಕು. ಎಂಟನೆಯ ಹೆನ್ರಿ 1534ರಲ್ಲಿ ಪೋಪರ ಅಧಿಕಾರ ತಳ್ಳಿಹಾಕಿ ಇಂಗ್ಲೆಂಡಿನ ಚರ್ಚಿಗೆ ತಾನೇ ಯಜಮಾನನಾದ. ಆದರೂ ಬಿಷಪ್ಪರು ಉಳಿದರು, ನಿಲುವಂಗಿಗಳು ಉಳಿದವು. ಇಷ್ಟು ಸಾಲದು, ಇನ್ನೂ ಶುದ್ಧ ಮಾಡಬೇಕು ಎಂದವರು ಪ್ಯೂರಿಟನ್ನರು. ಅವರಲ್ಲಿ ಹೆಚ್ಚಿನವರು ಒಳಗಿದ್ದೇ ಶುದ್ಧ ಮಾಡೋಣ ಎನ್ನುತ್ತಿದ್ದರು. ಬಾಸ್ಟನ್ನಿನವರು ಈ ಪೈಕಿ. ಇದು ತೊಳೆದರೆ ಹೋಗುವ ಕೊಳೆಯಲ್ಲ ಎಂದು ಹೊರಬಿದ್ದವರು ಸೆಪರೇಟಿಸ್ಟರು. 1620ರಲ್ಲಿ ಮೇಫ್ಲವರ್ ಹಡಗಿನಲ್ಲಿ ಬಂದು ಪ್ಲಿಮತ್ ಊರು ಕಟ್ಟಿದವರಲ್ಲಿ ಮುಂದಾಳುಗಳು ಇವರು. ಸೆಪರೇಟಿಸ್ಟರಿಂದಲೂ ಒಂದು ಕವಲು ಒಡೆಯಿತು. ಏನೂ ಅರಿಯದ ಕೂಸಿಗೆ ಕೊಡುವ ದೀಕ್ಷಾಸ್ನಾನ ಲೆಕ್ಕಕ್ಕಿಲ್ಲ, ನಂಬಿದವನು ತಾನೇ ಬಾಯಿಬಿಟ್ಟು ಅರಿಕೆ ಮಾಡಿ ಪಡೆಯಬೇಕು ಎಂದವರು ಬ್ಯಾಪ್ಟಿಸ್ಟರು. ಅವರ ಮೊದಲ ಗುರು ಜಾನ್ ಸ್ಮಿತ್ 1609ರ ಹೊತ್ತಿಗೆ ಆಮ್‌ಸ್ಟರ್‌ಡ್ಯಾಮಿನಲ್ಲಿ, ತನಗೆ ದೀಕ್ಷೆ ಕೊಡಬಲ್ಲ ಯೋಗ್ಯರು ಯಾರೂ ಕಾಣದೆ, ತನಗೆ ತಾನೇ ದೀಕ್ಷಾಸ್ನಾನ ಮಾಡಿಸಿಕೊಂಡ. ಯೋಗ್ಯರು ಯಾರು ಎಂಬ ಈ ಪ್ರಶ್ನೆ ಮುಂದೆ ವಿಲಿಯಮ್ಸ್‌ನನ್ನೂ ಕಾಡಲಿದೆ.

ಇವತ್ತು ಧಾರವಾಡದ ಬಾಸೆಲ್ ಮಿಶನ್ ಮನೆತನದ ಹುಡುಗಿಯೊಬ್ಬಳು ಕೆಲಸಕ್ಕೆಂದು ಬೆಂಗಳೂರಿಗೆ ಬಂದರೆ ಒಂದು ಭಾನುವಾರ ಸಿ.ಎಸ್.ಐ. ದೇವಾಲಯ, ಇನ್ನೊಂದು ಭಾನುವಾರ ಮೆಥೊಡಿಸ್ಟರ ಆರಾಧನೆ, ಮತ್ತೊಮ್ಮೆ ಗೆಳತಿ ಕರೆದಳೆಂದು ಪೆಂತೆಕೊಸ್ತ್ ಸಭೆ ನೋಡಿ, ಮನಸ್ಸು ಒಪ್ಪಿದ ಕಡೆ ನಿಲ್ಲಬಹುದು. ಊರಲ್ಲಿ ಅಜ್ಜಿ ಮುನಿಸಿಕೊಂಡಾರು, ಅಷ್ಟೆ. ವಿಲಿಯಮ್ಸ್‌ನ ಕಾಲದಲ್ಲಿ ಮುನಿಸಿಕೊಳ್ಳುತ್ತಿದ್ದುದು ಸರ್ಕಾರ. ಇಂಗ್ಲೆಂಡಿನಲ್ಲಿ 1559ರ ಕಾನೂನಿನಂತೆ ಭಾನುವಾರ ತನ್ನ ಊರಿನ ಚರ್ಚಿಗೆ ಹೋಗದವನಿಗೆ 12 ಪೆನ್ಸ್ ದಂಡ. 1593ರಲ್ಲಿ ಮೂವರು ಸೆಪರೇಟಿಸ್ಟ್ ಮುಂದಾಳುಗಳನ್ನು ಗಲ್ಲಿಗೇರಿಸಿದ್ದರು. ವಿಲಿಯಮ್ಸ್ ಬೆಳೆದದ್ದು ಲಂಡನ್ನಿನ ಸ್ಮಿತ್‌ಫೀಲ್ಡ್ ಆಸುಪಾಸಿನಲ್ಲಿ. ಕ್ರಿಸ್ತನ ದೈವತ್ವ ಒಪ್ಪದ ಬಾರ್ಥಲೊಮ್ಯೂ ಲೆಗೇಟ್ ಎಂಬಾತನನ್ನು 1612ರಲ್ಲಿ ಜೀವಂತ ಸುಟ್ಟದ್ದು ಅಲ್ಲೇ. ಹದಿಹರೆಯದಲ್ಲಿ ಆತ ಹೆಸರಾಂತ ನ್ಯಾಯಾಧೀಶ ಎಡ್ವರ್ಡ್ ಕೋಕ್ ಬಳಿ ಶೀಘ್ರಲಿಪಿಕಾರನಾಗಿ ಸ್ಟಾರ್ ಚೇಂಬರ್ ನ್ಯಾಯಾಲಯದ ಮಾತುಗಳನ್ನು ಬರೆದುಕೊಂಡವನು. ಅಧಿಕಾರಸ್ಥರ ನಾಲಿಗೆ ಹೇಗೆ ಹೊರಳುತ್ತದೆ ಎಂಬುದನ್ನು ಹತ್ತಿರದಿಂದ ಕೇಳಿದ್ದ.

ಬಾಸ್ಟನ್ ಬಿಟ್ಟು ಅದೇ ವಸಾಹತಿನ ಸೇಲಂ ಊರಿಗೆ ಹೋದ, ಅಲ್ಲಿಂದ ಪ್ಲಿಮತ್‌ಗೆ. ಪ್ಲಿಮತ್‌ನವರು ಬೇರ್ಪಟ್ಟವರೇ, ಅಲ್ಲಿ ಒಗ್ಗಬೇಕಿತ್ತು. ಆದರೆ ಅವರಲ್ಲಿ ಕೆಲವರು ಇಂಗ್ಲೆಂಡಿಗೆ ಹೋದಾಗ ಅಲ್ಲಿನ ಚರ್ಚಿನಲ್ಲಿ ಪ್ರಸಂಗ ಕೇಳಿ ಬರುತ್ತಿದ್ದರು, ಸಭೆ ಅದನ್ನು ಕಂಡೂ ಕಾಣದಂತಿತ್ತು. ವಿಲಿಯಮ್ಸ್‌ಗೆ ಇದು ಸಹಿಸಲಾಗದ ಅಶುದ್ಧಿ. 1633ರಲ್ಲಿ ಮತ್ತೆ ಸೇಲಂಗೆ ಬಂದ.

ಇಂಥವನನ್ನು ಉದಾರಿ ಎಂದು ಕರೆಯಲು ನನಗೆ ಬಾಯಿ ಬರುವುದಿಲ್ಲ. ಸೇಲಂನಲ್ಲಿ ಆತ, ಸಭೆಯಲ್ಲಿ ಹೆಂಗಸರು ಮುಸುಕು ಹಾಕಿಕೊಳ್ಳಬೇಕು ಎಂದು ವಾದಿಸಿದ. ದೇವರ ಹೆಸರು ಹಿಡಿದು ಆಣೆ ಮಾಡುವುದು ಆರಾಧನೆಯ ಒಂದು ಕ್ರಿಯೆ, ಆದ್ದರಿಂದ ಭಕ್ತಿಯಿಲ್ಲದವನಿಂದ ಸರ್ಕಾರ ಆಣೆ ಮಾಡಿಸಿದರೆ ಅದು ಪಾಪಕ್ಕೆ ನೂಕಿದಂತೆ ಎಂದ. ಈ ಮಾತನ್ನು ಗಮನಿಸಬೇಕು. ಮುಂದೆ ಆತ ಕಂಡುಕೊಂಡದ್ದರ ಬೀಜ ಇಲ್ಲಿದೆ, ಮತ್ತದು ಕರುಣೆಯಿಂದ ಹುಟ್ಟಿದ್ದಲ್ಲ, ಮಡಿಯಿಂದ ಹುಟ್ಟಿದ್ದು. ಮ್ಯಾಸಚೂಸೆಟ್ಸ್‌ನಲ್ಲಿ 1631ರಿಂದ ಸಭೆಯ ಸದಸ್ಯರಿಗೆ ಮಾತ್ರ ಮತದ ಹಕ್ಕು. ಸಭೆ ಮತ್ತು ಸರ್ಕಾರ ಒಂದೇ ಮನೆಯ ಎರಡು ಕೋಣೆಗಳಂತಿದ್ದವು, ನಡುವೆ ಬಾಗಿಲೂ ಇರಲಿಲ್ಲ. ಅಂಥ ಕಡೆ ಈತ, ನ್ಯಾಯಾಧಿಕಾರಿಯ ಕೈ ಮನುಷ್ಯನ ದೇಹಕ್ಕೂ ಆಸ್ತಿಗೂ ನಿಲುಕಬೇಕೇ ಹೊರತು ಆತ್ಮಕ್ಕಲ್ಲ ಎಂದ. ಮೇಲಾಗಿ, ಮೂಲನಿವಾಸಿಗಳ ನೆಲವನ್ನು ದಾನ ಮಾಡಲು ಇಂಗ್ಲೆಂಡಿನ ರಾಜ ಯಾರು, ಅವರಿಂದ ಕೊಂಡುಕೊಳ್ಳಬೇಕು ಎಂದೂ ಹೇಳಿದ. ವಸಾಹತಿನ ಬುಡಕ್ಕೇ ಕೊಡಲಿ.

1635ರಲ್ಲಿ ಸೇಲಂ ಊರು ಮಾರ್ಬಲ್‌ಹೆಡ್ ಕಡೆಯ ಒಂದಷ್ಟು ಜಮೀನು ಕೇಳಿತ್ತು. ವಿಲಿಯಮ್ಸ್‌ನನ್ನು ಇಟ್ಟುಕೊಂಡಿರುವವರೆಗೆ ಅದು ಸಿಗದು ಎಂಬುದನ್ನು ಮೇಲಿನವರು ಅರ್ಥಮಾಡಿಸಿದರು. ನೀವು ಉಳಿದೆಲ್ಲ ಸಭೆಗಳಿಂದ ಬೇರ್ಪಡಿ ಎಂದು ಈತ ತನ್ನ ಸಭೆಗೆ ಹೇಳಿದ. ಅವರು ಜಮೀನಿನ ಕಡೆ ವಾಲಿದರು. ಆತ ಆ ಸಭೆಯನ್ನೂ ಬಿಟ್ಟು ತನ್ನ ಮನೆಯಲ್ಲೇ ಪ್ರಸಂಗ ಮಾಡತೊಡಗಿದ. ಮೇರಿ ಮಾತ್ರ ಹಳೆಯ ಸಭೆಗೇ ಹೋಗುತ್ತಿದ್ದಳಂತೆ. ಅದಕ್ಕೆ ಆತ ಅವಳ ಜೊತೆ ಊಟದ ಪ್ರಾರ್ಥನೆಯನ್ನೂ ನಿಲ್ಲಿಸಿದ ಎಂದು ಆತನ ಎದುರಾಳಿ, ಬಾಸ್ಟನ್ನಿನ ಪಾದ್ರಿ ಜಾನ್ ಕಾಟನ್ ಮುಂದೆ ಬರೆದ.

ಅಕ್ಟೋಬರಿನಲ್ಲಿ ಗಡೀಪಾರಿನ ತೀರ್ಪು ಬಂತು. ಚಳಿಗಾಲ ಕಳೆಯುವವರೆಗೆ ಇರಬಹುದು, ಬಾಯಿ ಮುಚ್ಚಿಕೊಂಡಿದ್ದರೆ. ಬಾಯಿ ಮುಚ್ಚುವ ಆಸಾಮಿಯೇ? 1636ರ ಜನವರಿಯಲ್ಲಿ ಆತನನ್ನು ಹಿಡಿದು ಇಂಗ್ಲೆಂಡಿಗೆ ಸಾಗಿಸಲು ಆಳುಗಳು ಬಂದಾಗ ಹಕ್ಕಿ ಹಾರಿ ಮೂರು ದಿನವಾಗಿತ್ತು. ನರಗ್ಯಾನ್ಸೆಟ್ ಕೊಲ್ಲಿಯ ಕಡೆ ಹೋಗು ಎಂದು ಗುಟ್ಟಾಗಿ ಸೂಚಿಸಿದ್ದವನು ಆತನನ್ನು ಒಪ್ಪದ, ಮ್ಯಾಸಚೂಸೆಟ್ಸ್ ವಸಾಹತಿನ ಮುಂದಾಳು ಜಾನ್ ವಿನ್‌ಥ್ರಾಪ್. ಹಿಮದಲ್ಲಿ ಹದಿನಾಲ್ಕು ವಾರ ಅಲೆದಾಟ. ವಂಪನೋಗ್ ಜನರ ಮುಖಂಡ ಮ್ಯಾಸಸೋಯಿಟ್ ಆಸರೆ ಕೊಟ್ಟ. ವಸಂತದಲ್ಲಿ, ನರಗ್ಯಾನ್ಸೆಟ್ ಮುಖಂಡರಾದ ಕನಾನಿಕಸ್ ಮತ್ತು ಮಿಯಾಂಟನೋಮಿ ಕೊಟ್ಟ ನೆಲದಲ್ಲಿ ಪ್ರಾವಿಡೆನ್ಸ್ ಊರು ಎದ್ದಿತು. ಬಂದು ನೆಲಸಿದವರು ಒಂದು ಒಪ್ಪಂದಕ್ಕೆ ರುಜು ಹಾಕಿದರು: ಬಹುಮತದ ತೀರ್ಮಾನಕ್ಕೆ ಬದ್ಧರು, ಆದರೆ ಲೌಕಿಕ ವಿಷಯಗಳಲ್ಲಿ ಮಾತ್ರ.

ಆ 'ಮಾತ್ರ' ಎಷ್ಟು ಗಟ್ಟಿ ಎಂಬುದು 1638ರಲ್ಲೇ ಪರೀಕ್ಷೆಗೆ ಬಂತು. ಸೇಲಂನಿಂದ ಬಂದಿದ್ದ ಜೋಶುವಾ ವೆರಿನ್‌ನ ಹೆಂಡತಿ ಪದೇ ಪದೇ ವಿಲಿಯಮ್ಸ್‌ನ ಪ್ರಸಂಗ ಕೇಳಲು ಹೋಗುತ್ತಿದ್ದಳು. ಗಂಡನಿಗೆ ಹಿಡಿಸಲಿಲ್ಲ, ತಡೆದ, ಹೊಡೆದ. ಊರವರು ಸಭೆ ಸೇರಿದರು. ಗಂಡನ ಮಾತಿಗೆ ಹೆಂಡತಿ ತಗ್ಗಿ ನಡೆಯಬೇಕೆಂಬುದು ದೇವರ ಕಟ್ಟಳೆ, ಅದನ್ನು ಮುರಿಯಲೆಂದು ನಾನು ಈ ಒಪ್ಪಂದಕ್ಕೆ ಸೇರಲಿಲ್ಲ ಎಂದು ಅರ್ನಾಲ್ಡ್ ಎಂಬಾತ ವಾದಿಸಿದ. ಬಹುಮತ ಬೇರೆ ತೀರ್ಮಾನ ಮಾಡಿತು: ಇನ್ನೊಬ್ಬರ ಅಂತಃಸಾಕ್ಷಿಯ ಸ್ವಾತಂತ್ರ್ಯಕ್ಕೆ ಅಡ್ಡಬಂದ ತಪ್ಪಿಗೆ ವೆರಿನ್‌ಗೆ ಮತದ ಹಕ್ಕಿಲ್ಲ. ಹದಿನೇಳನೆಯ ಶತಮಾನದ ಹೆಣ್ಣೊಬ್ಬಳಿಗೆ ಗಂಡನದಲ್ಲದ, ತನ್ನದೇ ಅಂತಃಸಾಕ್ಷಿ ಇದೆಯೆಂದು ಒಂದು ಊರು ಮತ ಹಾಕಿ ಹೇಳಿತು. ಈ ಇಡೀ ಕತೆಯಲ್ಲಿ ನನಗೆ ಎಲ್ಲಕ್ಕಿಂತ ಬೆರಗು ಹುಟ್ಟಿಸುವುದು ಇದೇ. ವೆರಿನ್ ಸಿಟ್ಟಿನಿಂದ ಹೆಂಡತಿಯನ್ನು ಕಟ್ಟಿಕೊಂಡು ಸೇಲಂಗೆ ಮರಳಿದ ಎಂಬುದನ್ನೂ ಹೇಳಬೇಕು. ಅವಳಿಗೆ ಸಿಕ್ಕ ಸ್ವಾತಂತ್ರ್ಯದ ಆಯಸ್ಸು ಅಷ್ಟೇ.

ಸಭೆಯ ಹುಡುಕಾಟ ಇನ್ನೂ ಮುಗಿದಿರಲಿಲ್ಲ. ಆ ವರ್ಷವೋ ಮರುವರ್ಷದ ಆರಂಭದಲ್ಲೋ ವಿಲಿಯಮ್ಸ್ ಬ್ಯಾಪ್ಟಿಸ್ಟನಾದ. ಇಝೀಕಿಯೆಲ್ ಹಾಲಿಮನ್ ಎಂಬ ಸಾಮಾನ್ಯ ವಿಶ್ವಾಸಿ ಆತನಿಗೆ ದೀಕ್ಷಾಸ್ನಾನ ಕೊಟ್ಟ. ಆತ ತಿರುಗಿ ಹಾಲಿಮನ್‌ಗೂ ಇತರರಿಗೂ ಕೊಟ್ಟ. ಅಮೆರಿಕದ ಮೊದಲ ಬ್ಯಾಪ್ಟಿಸ್ಟ್ ಸಭೆ ಹುಟ್ಟಿದ್ದು ಹೀಗೆ. ಅದು ಇಂದಿಗೂ ಪ್ರಾವಿಡೆನ್ಸಿನಲ್ಲಿದೆ. ಸ್ಥಾಪಕ ಮಾತ್ರ ಕೆಲವೇ ತಿಂಗಳಲ್ಲಿ ಎದ್ದು ಹೊರಟ. ಹಾಲಿಮನ್‌ಗೆ ದೀಕ್ಷೆ ಕೊಡುವ ಅಧಿಕಾರ ಎಲ್ಲಿಂದ ಬಂತು? ಕ್ರಿಸ್ತ ಅಪೊಸ್ತಲರಿಗೆ ಕೊಟ್ಟ ಅಧಿಕಾರ ಕೈಯಿಂದ ಕೈಗೆ ಇಳಿದು ಬರಬೇಕಿತ್ತು. ಕಾನ್‌ಸ್ಟಂಟೈನ್ ಚಕ್ರವರ್ತಿ ಚರ್ಚನ್ನು ಅರಮನೆಯ ತೆಕ್ಕೆಗೆ ಎಳೆದುಕೊಂಡ ಕಾಲದಿಂದ ಆ ಸರಪಳಿ ತುಂಡಾಗಿದೆ. ದೇವರು ಹೊಸ ಅಪೊಸ್ತಲರನ್ನು ಕಳಿಸುವವರೆಗೆ ಅದನ್ನು ಬೆಸೆಯುವವರಿಲ್ಲ. ಎಂದಮೇಲೆ ಈಗ ಭೂಮಿಯ ಮೇಲೆ ನಿಜವಾದ ಸಭೆಯೇ ಇಲ್ಲ.

ಇಲ್ಲಿಗೆ ಬಂದು ನಿಂತ ಆತನನ್ನು ವಿನ್‌ಥ್ರಾಪ್ ದೂರದಿಂದ ಗಮನಿಸುತ್ತಿದ್ದ. ಈ ಮನುಷ್ಯ ಮೊದಲು ಹೆಂಡತಿಯನ್ನು ಬಿಟ್ಟು ಇನ್ನಾರ ಜೊತೆಗೂ ಪ್ರಭುಭೋಜನಕ್ಕೆ ಕೂರುವುದಿಲ್ಲ ಎಂದಿದ್ದ, ಈಗ ಬಂದವರೆಲ್ಲರ ಜೊತೆ ಪ್ರಾರ್ಥನೆ ಮಾಡುತ್ತಾನೆ ಎಂದು ತನ್ನ ದಿನಚರಿಯಲ್ಲಿ ಕುಹಕದಿಂದ ಬರೆದುಕೊಂಡ. ಕುಹಕ ಸರಿ, ಆದರೆ ಪತ್ತೆಯಾಗಬೇಕಾದ್ದು ಪತ್ತೆಯಾದದ್ದು ಆ ತಿರುವಿನಲ್ಲೇ. ಶುದ್ಧರ ವೃತ್ತ ಕುಗ್ಗುತ್ತಾ ಕುಗ್ಗುತ್ತಾ ಇಬ್ಬರಿಗೆ ಬಂದು ನಿಂತಿತ್ತು. ಅದರಾಚೆ ಕುಗ್ಗಲು ಜಾಗವಿಲ್ಲ. ಯಾವ ಸಭೆಯೂ ನಿಜವಾದದ್ದಲ್ಲ ಎಂದಾದರೆ ಎಲ್ಲರೂ ಒಂದೇ ಕತ್ತಲಲ್ಲಿ ತಡಕಾಡುವವರು. ನಿಜವಾದ ಸಭೆ ಯಾವುದೆಂದು ಹುಡುಕಿ ಹುಡುಕಿ ಸೋತ ವಿದ್ವಾಂಸನಿಗೇ ಗೊತ್ತಾಗದ್ದು ಊರಿನ ನ್ಯಾಯಾಧಿಕಾರಿಗೆ ಹೇಗೆ ಗೊತ್ತಾದೀತು? ಗೊತ್ತಿಲ್ಲದವನು ಕೋಲು ಹಿಡಿದು ಇನ್ನೊಬ್ಬನನ್ನು ಚರ್ಚಿಗೆ ಅಟ್ಟುವುದಾದರೂ ಯಾವ ನ್ಯಾಯ? ಅಟ್ಟದಿದ್ದರೆ ನಾಡು ಕೆಡುತ್ತದೆ ಎನ್ನುವವರಿಗೆ ಎದುರು ಸಾಕ್ಷಿಯೂ ಕಣ್ಣ ಮುಂದಿತ್ತು. ನರಗ್ಯಾನ್ಸೆಟ್ ಜನರ ಭಾಷೆ ಕಲಿತು ಅವರ ಗುಡಿಸಲುಗಳಲ್ಲಿ ಮಲಗಿ ಎದ್ದವನು ಆತ. ಕ್ರಿಸ್ತನ ಹೆಸರು ಕೇಳದ ಅವರಲ್ಲಿ ಮದುವೆ, ವ್ಯಾಪಾರ, ನ್ಯಾಯ, ಅತಿಥಿ ಸತ್ಕಾರ ಎಲ್ಲವೂ ಕ್ರಮವಾಗಿ ನಡೆಯುತ್ತಿದ್ದವು. ನಾಡು ನೆಟ್ಟಗೆ ನಡೆಯಲು ನಿಜವಾದ ಧರ್ಮ ಬೇಕೇಬೇಕು ಎಂಬ ಬಾಸ್ಟನ್ನಿನ ವಾದ ಅಲ್ಲಿ ನಿಲ್ಲುತ್ತಿರಲಿಲ್ಲ.

ವಸಾಹತಿಗೆ ಸನದು ತರಲು 1643ರಲ್ಲಿ ಲಂಡನ್ನಿಗೆ ಹೋದ. ಅಂತರ್ಯುದ್ಧದ ಕಾಲ, ನ್ಯೂಕಾಸಲ್‌ನಿಂದ ಕಲ್ಲಿದ್ದಲು ನಿಂತು ಬಡವರು ಚಳಿಗೆ ನಡುಗುತ್ತಿದ್ದರು. ಅವರಿಗೆ ಸೌದೆ ಒದಗಿಸುವ ಓಡಾಟದ ನಡುವೆ ಸಿಕ್ಕ ಸಿಕ್ಕ ಮೂಲೆಯಲ್ಲಿ ಕೂತು ದೊಡ್ಡ ಪುಸ್ತಕವೊಂದನ್ನು ಬರೆದ. ಮತದ ಹೆಸರಿನ ಹಿಂಸೆ ರಕ್ತಸಿಕ್ತ ಸಿದ್ಧಾಂತ ಎಂದು ತಲೆಬರಹದಲ್ಲೇ ಸಾರುವ ಅದರಲ್ಲಿ ಸತ್ಯ ಮತ್ತು ಶಾಂತಿ ಇಬ್ಬರು ಹೆಂಗಸರಂತೆ ಮಾತಾಡಿಕೊಳ್ಳುತ್ತಾರೆ. ಗೋಧಿಯ ನಡುವೆ ಬೆಳೆದ ಹಣಜಿಯನ್ನು ಸುಗ್ಗಿಯವರೆಗೆ ಕೀಳಬೇಡಿ ಎಂಬ ಯೇಸುವಿನ ಸಾಮ್ಯ ಅದರ ಬೆನ್ನೆಲುಬು. ಹೊಲ ಎಂದರೆ ಸಭೆಯಲ್ಲ, ಲೋಕ. ಹಾಗಾಗಿ ಲೋಕದಲ್ಲಿ ಯಹೂದಿ, ತುರ್ಕ, ಪೋಪರ ಕಡೆಯವನು, ದೇವರೇ ಇಲ್ಲವೆನ್ನುವವನು ಎಲ್ಲರಿಗೂ ಬದುಕಲು ಬಿಡಬೇಕು. 1644ರ ಬೇಸಿಗೆಯಲ್ಲಿ ಪುಸ್ತಕ ಹೊರಬಂತು. ಆಗಸ್ಟಿನಲ್ಲಿ ಪಾರ್ಲಿಮೆಂಟ್ ಅದನ್ನು ಸುಡಿಸಿತು. ಅಷ್ಟರಲ್ಲಿ ಸನದು ಕೈಸೇರಿ ಲೇಖಕ ಊರಿನ ಹಾದಿ ಹಿಡಿದಿದ್ದ.

ಇದನ್ನೆಲ್ಲ ಮೊದಲು ಹೇಳಿದವನು ವಿಲಿಯಮ್ಸ್ ಎಂದರೆ ಅನ್ಯಾಯವಾದೀತು. ಸ್ಮಿತ್‌ನ ಸಂಗಾತಿ ಥಾಮಸ್ ಹೆಲ್ವಿಸ್ 1612ರಲ್ಲೇ, ಪ್ರಜೆಗಳ ಆತ್ಮದ ಮೇಲೆ ರಾಜನಿಗೆ ಅಧಿಕಾರವಿಲ್ಲ ಎಂದು ಬರೆದು, ನ್ಯೂಗೇಟ್ ಸೆರೆಮನೆಯಲ್ಲಿ ಸತ್ತಿದ್ದ. ಮಾತು ಹಳೆಯದು. ಅದನ್ನು ಇಟ್ಟುಕೊಂಡು ಒಂದು ನಾಡಿನ ಆಡಳಿತ ನಡೆಸಬಹುದೆಂದು ತೋರಿಸಿದ್ದು ಹೊಸತು. ಸಭೆಯ ತೋಟಕ್ಕೂ ಲೋಕದ ಕಾಡಿಗೂ ನಡುವೆ ಗೋಡೆ ಇರಬೇಕೆಂದು ವಿಲಿಯಮ್ಸ್ ಬರೆದದ್ದೂ 1644ರಲ್ಲೇ. ಗೋಡೆಯ ಈ ರೂಪಕ 1802ರಲ್ಲಿ ಅಧ್ಯಕ್ಷ ಜೆಫರ್ಸನ್ ಕಾಗದದಲ್ಲಿ ಬಂದು ಪ್ರಸಿದ್ಧವಾಯಿತು. ಜೆಫರ್ಸನ್‌ಗೆ ಚಿಂತೆ ಇದ್ದದ್ದು ಪ್ರಜೆಯ ಹಕ್ಕಿನದು; ವಿಲಿಯಮ್ಸ್‌ಗೆ ತೋಟದ್ದು.

ಸ್ವಾತಂತ್ರ್ಯವೆಂದರೆ ಯಾರೂ ಯಾರಿಗೂ ಹೇಳುವಂತಿಲ್ಲ ಎಂದು ಪ್ರಾವಿಡೆನ್ಸಿನಲ್ಲಿ ಕೆಲವರು ವಾದ ಹೂಡಿದಾಗ, 1655ರಲ್ಲಿ ಆತ ಊರಿಗೆ ಒಂದು ಕಾಗದ ಬರೆದ. ಒಂದು ಹಡಗಿನಲ್ಲಿ ಹಲವು ಮತದವರಿದ್ದಾರೆ. ಹಡಗಿನ ಪ್ರಾರ್ಥನೆಗೆ ಬಾ ಎಂದು ಯಾರನ್ನೂ ಎಳೆಯುವಂತಿಲ್ಲ, ಅವರವರ ಪ್ರಾರ್ಥನೆ ತಡೆಯುವಂತೆಯೂ ಇಲ್ಲ. ಆದರೆ ಹಡಗು ಯಾವ ದಿಕ್ಕಿಗೆ ಎಂಬುದು ಕಪ್ತಾನನ ಮಾತು, ಪಯಣದ ಬಾಡಿಗೆ ಕೊಡಬೇಕು, ದಂಗೆ ಎದ್ದರೆ ಶಿಕ್ಷೆ.

ಆಮೇಲೆ ಬಂದವರು ಕ್ವೇಕರರು. ಪಾದ್ರಿ ಬೇಡ, ದೀಕ್ಷಾಸ್ನಾನ ಬೇಡ, ಪ್ರತಿಯೊಬ್ಬರ ಒಳಗೇ ಬೆಳಕಿದೆ ಎನ್ನುವವರು. ಬಾಸ್ಟನ್ ಅವರಲ್ಲಿ ನಾಲ್ವರನ್ನು ಗಲ್ಲಿಗೇರಿಸಿತು. 1660ರಲ್ಲಿ ಮೇರಿ ಡೈಯರ್ ಅವರಲ್ಲೊಬ್ಬಳು. ನೀವೂ ಅವರನ್ನು ಓಡಿಸಿ ಎಂದು ನೆರೆಯ ವಸಾಹತುಗಳು 1657ರಲ್ಲೇ ಒತ್ತಾಯಿಸಿದ್ದವು. ಪ್ರಾವಿಡೆನ್ಸ್ ಸೇರಿದ್ದ ರೋಡ್ ಐಲೆಂಡ್ ವಸಾಹತು ಕೊಟ್ಟ ಉತ್ತರ ಜಾಣತನದ್ದು: ನಮ್ಮಲ್ಲಿ ಅದಕ್ಕೆ ಕಾನೂನಿಲ್ಲ, ಮೇಲಾಗಿ ಯಾರೂ ಹಿಂಸಿಸದ ಊರಿಗೆ ಬರಲು ಅವರಿಗೇ ಅಷ್ಟೊಂದು ಉಮೇದು ಕಾಣುವುದಿಲ್ಲ.

ವಿಲಿಯಮ್ಸ್‌ಗೆ ಕ್ವೇಕರರನ್ನು ಕಂಡರೆ ಆಗುತ್ತಿರಲಿಲ್ಲ. ಅವರ ಬೋಧನೆ ಬರೀ ವಿಷ ಎಂದು ಆತನ ಎಣಿಕೆ. ಅವರ ಗುರು ಜಾರ್ಜ್ ಫಾಕ್ಸ್ 1672ರಲ್ಲಿ ರೋಡ್ ಐಲೆಂಡಿಗೆ ಬಂದಾಗ ಹದಿನಾಲ್ಕು ವಿಷಯಗಳ ಪಟ್ಟಿ ಕಳಿಸಿ ವಾದಕ್ಕೆ ಕರೆದ. ಎಪ್ಪತ್ತರ ಅಂಚಿನ ಮುದುಕ ತಾನೇ ಹುಟ್ಟು ಹಾಕುತ್ತಾ ಮೂವತ್ತು ಮೈಲಿ ದೋಣಿ ನಡೆಸಿಕೊಂಡು, ರಾತ್ರಿ ಹೊತ್ತಿಗೆ ನ್ಯೂಪೋರ್ಟ್ ಮುಟ್ಟಿದ. ಫಾಕ್ಸ್ ಆಗಲೇ ಹೊರಟು ಹೋಗಿದ್ದ. ಸಿಕ್ಕ ಮೂವರು ಶಿಷ್ಯರ ಜೊತೆ ಮೂರು ದಿನ ಅಲ್ಲಿ, ಒಂದು ದಿನ ಪ್ರಾವಿಡೆನ್ಸಿನಲ್ಲಿ ಗಂಟಲು ಹರಿಯುವಂತೆ ವಾದ ನಡೆಯಿತು. ಆಗ ವಸಾಹತಿನ ಗವರ್ನರ್ ನಿಕೊಲಸ್ ಈಸ್ಟನ್ ಕೂಡ ಕ್ವೇಕರನೇ. ಯಾರೂ ಯಾರನ್ನೂ ಒಪ್ಪಿಸಲಿಲ್ಲ, ಯಾರೂ ಯಾರನ್ನೂ ಸೆರೆಗೆ ಹಾಕಲಿಲ್ಲ. ವಿಲಿಯಮ್ಸ್ ಮನೆಗೆ ಬಂದು ಫಾಕ್ಸ್‌ನ ಹೆಸರಿನ ಮೇಲೆ ನರಿಯ ಬಿಲದ ಲೇವಡಿ ಮಾಡಿ ಒಂದು ದಪ್ಪ ಪುಸ್ತಕ ಬರೆದ. ಅದು 1676ರಲ್ಲಿ, ಆತನನ್ನು ಹೊರಗಟ್ಟಿದ್ದ ಬಾಸ್ಟನ್ನಿನಲ್ಲೇ ಅಚ್ಚಾಯಿತು. ಎರಡು ವರ್ಷದ ಮೇಲೆ ಫಾಕ್ಸ್ ಬೈಗುಳಕ್ಕೆ ಬೈಗುಳ ಸೇರಿಸಿ ಉತ್ತರದ ಪುಸ್ತಕ ಹೊರತಂದ.