‘ಮಗೂನೂ ಒಂಚೂರು ನೋಡ್ಕೊಳ್ಳಮ್ಮ’

ಬೆಂಗಳೂರಿನ ಮಧ್ಯಮವರ್ಗದ ಮನೆಗಳಲ್ಲಿ ಕೆಲಸದಾಕೆಯನ್ನು ಗೊತ್ತುಮಾಡುವಾಗ ಬಾಗಿಲಲ್ಲೇ ಒಂದು ಲೆಕ್ಕ ನಡೆಯುತ್ತದೆ. ಪಾತ್ರೆಗೆ ಇಷ್ಟು, ಬಟ್ಟೆಗೆ ಇಷ್ಟು, ಕಸ ಗುಡಿಸಿ ನೆಲ ಒರೆಸುವುದಕ್ಕೆ ಇಷ್ಟು. ಮನೆಯಲ್ಲಿ ಎಷ್ಟು ಜನ, ವಾಷಿಂಗ್ ಮೆಷಿನ್ ಇದೆಯೇ ಎಂದು ಆಕೆಯೂ ವಿಚಾರಿಸುತ್ತಾಳೆ. ಸಂಬಳ ಕುದುರಿ, ಆಕೆ ಹೊರಡಲು ಎದ್ದಾಗ ಮನೆಯೊಡತಿ ಒಂದು ಮಾತು ಸೇರಿಸುತ್ತಾರೆ: ‘ಸಾಯಂಕಾಲ ನಾನು ಬರೋವರೆಗೂ ಮಗೂನೂ ಒಂಚೂರು ನೋಡ್ಕೊಳ್ಳಮ್ಮ.’

ಈ ಕೊನೆಯ ಮಾತಿಗೆ ದರವಿರುವುದಿಲ್ಲ. ಮುಂದೆ ಮನಸ್ತಾಪ ಹುಟ್ಟುವುದು ಬಹುಮಟ್ಟಿಗೆ ಇಲ್ಲಿಂದಲೇ. ಪಾತ್ರೆ ತೊಳೆದರೆ ಆ ಕೆಲಸ ಮುಗಿಯಿತು. ಮಗು ನೋಡುವ ಕೆಲಸಕ್ಕೆ ಮುಗಿಯುವ ಹೊತ್ತು ಆಕೆಯ ಕೈಯಲ್ಲಿಲ್ಲ. ಮನೆಯವರ ಬಸ್ಸು ಸಿಕ್ಕಿಬಿದ್ದರೆ ಆಕೆಯೂ ಸಿಕ್ಕಿಬಿದ್ದಂತೆ. ಆಕೆಗಾಗಿ ಇನ್ನೊಂದು ಮನೆಯ ಮುಸುರೆ ಕಾದಿರುತ್ತದೆ. ಅತ್ತ ಒಲೆಯ ಮೇಲೆ ಹಾಲಿಟ್ಟು, ಇತ್ತ ಎರಡು ವರ್ಷದ ಮಗುವಿನ ಹಿಂದೆ ಓಡುವುದು ಒಬ್ಬರಿಂದ ಆಗುವ ಮಾತೂ ಅಲ್ಲ.

ಮಗುವಿನ ಆರೈಕೆಗೆ ಹೊರಗಿನವರನ್ನು ಕರೆಯುವುದು ನಮ್ಮಲ್ಲಿ ಹೊಸದೇನಲ್ಲ. ಬಾಣಂತನದಲ್ಲಿ ಎಣ್ಣೆ-ನೀರು ಹಾಕುವ ಹಿರಿಯ ಹೆಂಗಸು ಇಂದಿಗೂ ಅನೇಕ ಊರುಗಳಲ್ಲಿದ್ದಾಳೆ. ಬೆಳಿಗ್ಗೆ ಬಂದು, ಬಚ್ಚಲಲ್ಲಿ ಕಾಲು ಚಾಚಿ ಕೂತು, ಕೂಸನ್ನು ಕಾಲ ಮೇಲೆ ಮಲಗಿಸಿಕೊಂಡು ಎಣ್ಣೆ ತೀಡಿ, ಬಿಸಿನೀರು ಹೊಯ್ದು, ಸಾಂಬ್ರಾಣಿ ಹೊಗೆ ಕೊಟ್ಟು ತಾಯಿಯ ಪಕ್ಕದಲ್ಲಿ ಮಲಗಿಸಿ ಹೋಗುತ್ತಾಳೆ. ಇದೂ ದಿನಕ್ಕೆ ಒಂದೆರಡು ಗಂಟೆಯ ಕೆಲಸವೇ. ಆದರೆ ಅದಕ್ಕೆ ಹೆಸರಿತ್ತು, ಇಷ್ಟು ದಿನ ಎಂಬ ಅವಧಿ ಇತ್ತು. ಕೊನೆಯ ದಿನ ಸೀರೆ, ಕುಪ್ಪಸದ ಕಣ, ಅಕ್ಕಿ, ತೆಂಗಿನಕಾಯಿ, ಕೈಗಿಷ್ಟು ಹಣ ಕೊಡುವುದು ವಾಡಿಕೆ. ಎಲ್ಲ ಮನೆಯಲ್ಲೂ ಉದಾರವಾಗಿ ಕೊಡುತ್ತಿದ್ದರೆಂದಲ್ಲ. ಆದರೂ ಇದು ಬಲ್ಲವರು ಮಾಡುವ ಕೆಲಸ ಎಂಬ ಒಪ್ಪಿಗೆ ಇತ್ತು. ಮನೆಯ ಅತ್ತೆಯೂ ಬಚ್ಚಲಲ್ಲಿ ಆಕೆಯ ಮಾತು ಕೇಳಬೇಕಿತ್ತು!

ಇನ್ನು ‘ಆಯಾ’ ಎಂಬ ಪದ ಪೋರ್ಚುಗೀಸರಿಂದ ಬಂದದ್ದು. ಅವರ ಭಾಷೆಯಲ್ಲಿ ‘ಐಯ’ ಎಂದರೆ ಮಕ್ಕಳನ್ನು ನೋಡಿಕೊಳ್ಳುವಾಕೆ. ಬ್ರಿಟಿಷರ ಕಾಲದಲ್ಲಿ ದಂಡಿನ ಬಂಗಲೆಗಳ ಆಯಾ ದಿನವಿಡೀ ಅಲ್ಲೇ ಇರುತ್ತಿದ್ದಳು. ಹಡಗಿನಲ್ಲಿ ದೊರೆಗಳ ಮಕ್ಕಳನ್ನು ನೋಡಿಕೊಂಡು ಇಂಗ್ಲೆಂಡಿಗೆ ಹೋಗಿ, ವಾಪಸು ಬರುವ ಖರ್ಚು ಸಿಗದೆ ಅಲ್ಲೇ ಉಳಿದವರೂ ಉಂಟು. ಅಂಥವರಿಗಾಗಿ ಲಂಡನ್ನಿನಲ್ಲಿ ಪ್ರತ್ಯೇಕ ವಸತಿಗೃಹವೇ ಇತ್ತು. 1900ರಲ್ಲಿ ಅದು ಹ್ಯಾಕ್ನಿ ಬಡಾವಣೆಗೆ ಸ್ಥಳಾಂತರಗೊಂಡಿತು. 2022ರಲ್ಲಿ ಅಲ್ಲಿ ಸ್ಮಾರಕ ಫಲಕ ಹಾಕಲಾಯಿತು.

ಇಂದಿನ ಅರೆಕಾಲಿಕ ಕೆಲಸದಾಕೆ ಈ ಇಬ್ಬರಂತೆಯೂ ಅಲ್ಲ. ಮನೆ ಮನೆ ಸುತ್ತುವುದರಿಂದ ಯಾರ ಹಂಗಿನಲ್ಲೂ ಪೂರ್ತಿಯಾಗಿ ಇಲ್ಲ ಎಂಬುದು ಆಕೆಗೆ ಅನುಕೂಲ. ಕಷ್ಟ ಬಂದಾಗ ಯಾರೂ ಪೂರ್ತಿಯಾಗಿ ಹೊಣೆಯಲ್ಲ ಎಂಬುದು ಅದರ ಇನ್ನೊಂದು ಮುಖ. 2020ರ ಲಾಕ್‌ಡೌನ್‌ನಲ್ಲಿ ಅಪಾರ್ಟ್‌ಮೆಂಟ್‌ಗಳ ಗೇಟು ಮುಚ್ಚಿದಾಗ ಕೆಲವು ಮನೆಯವರು ಸಂಬಳ ಕಳಿಸಿದರು, ಹಲವರು ಕಳಿಸಲಿಲ್ಲ. ಕೇಳಲು ಕಾಗದ ಪತ್ರವೇ ಇರಲಿಲ್ಲ.

ಕಾನೂನು ಇಲ್ಲವೆಂದಲ್ಲ. ಕರ್ನಾಟಕ ಸರ್ಕಾರ 2004ರಲ್ಲಿ ಮನೆಗೆಲಸಕ್ಕೆ ಕನಿಷ್ಠ ವೇತನ ನಿಗದಿ ಮಾಡಿತು. ಪಾತ್ರೆ, ಬಟ್ಟೆ, ಶುಚಿತ್ವದ ಜೊತೆಗೆ ಮಕ್ಕಳ ಆರೈಕೆಯೂ ಆ ಪಟ್ಟಿಯಲ್ಲಿತ್ತು ಎಂಬುದು ಗಮನಾರ್ಹ. ಹದಿನಾಲ್ಕು ತುಂಬದವರನ್ನು ಮನೆಗೆಲಸಕ್ಕೆ ಇಟ್ಟುಕೊಳ್ಳುವುದನ್ನು 2006ರ ಅಕ್ಟೋಬರ್‌ನಿಂದ ನಿಷೇಧಿಸಲಾಗಿದೆ. ‘ಮಗುವಿನ ಜೊತೆ ಆಡಿಕೊಂಡಿರಲಿ’ ಎಂದು ಊರಿನಿಂದ ಹುಡುಗಿಯನ್ನು ಕರೆತರುವುದೂ ಇದರಲ್ಲೇ ಬರುತ್ತದೆ. ಲೈಂಗಿಕ ಕಿರುಕುಳ ತಡೆಯ 2013ರ ಕಾಯ್ದೆ ಮನೆಗೆಲಸದವರಿಗೂ ಅನ್ವಯಿಸುತ್ತದೆ. ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆ 2011ರಲ್ಲಿ ಇವರಿಗಾಗಿ ಮಾಡಿದ 189ನೇ ಒಡಂಬಡಿಕೆಗೆ ಭಾರತ ಮತ ಹಾಕಿತು, ಆದರೆ ಅನುಮೋದಿಸಿಲ್ಲ. ಕಾರ್ಖಾನೆಗೆ ಹೋಗುವಂತೆ ಕಾರ್ಮಿಕ ಇನ್‌ಸ್ಪೆಕ್ಟರ್ ಅಡುಗೆಮನೆಗೆ ಬರುವುದಿಲ್ಲ. ಹಾಗಾಗಿ ಬಾಗಿಲಲ್ಲಿ ಆಡಿದ ಮಾತೇ ಕರಾರು.

ಮಾತೇ ಕರಾರು ಎಂದಮೇಲೆ ಅದನ್ನು ಬಿಡಿಸಿ ಆಡುವುದು ಇಬ್ಬರಿಗೂ ಕ್ಷೇಮ. ಮಗುವಿನ ಹೊತ್ತು ಎಷ್ಟರಿಂದ ಎಷ್ಟರವರೆಗೆ, ಆ ಹೊತ್ತಿನಲ್ಲಿ ಬೇರೆ ಕೆಲಸ ಇದೆಯೇ, ತಡವಾದರೆ ಹೆಚ್ಚಿಗೆ ಎಷ್ಟು, ವಾರದ ರಜೆ ಯಾವತ್ತು ಎಂಬುದನ್ನು ಮೊದಲೇ ಹೇಳಬೇಕು. ಜ್ವರ ಬಂದರೆ ಯಾರಿಗೆ ಫೋನ್ ಮಾಡಬೇಕು, ಯಾವ ಔಷಧಿಯನ್ನು ಕೇಳದೆ ಕೊಡಬಾರದು ಎಂಬುದನ್ನು ಹೇಳದೆಯೇ ಬೀಗದ ಕೈ ಕೊಟ್ಟು ಹೋಗುವವರನ್ನು ಕಂಡರೆ ಆಶ್ಚರ್ಯವಾಗುತ್ತದೆ. ಮೊದಲ ಕೆಲವು ದಿನ ಮನೆಯವರೊಬ್ಬರು ಜೊತೆಗಿದ್ದರೆ ಮಗುವಿಗೂ ಆಕೆಯ ಪರಿಚಯವಾಗುತ್ತದೆ.

ಆಕೆಯ ಮಗುವಿನ ವಿಚಾರವನ್ನು ಕೇಳುವವರು ಇನ್ನೂ ಕಡಿಮೆ. 1975ರ ಅಕ್ಟೋಬರ್ 2ರಂದು ಆರಂಭವಾದ ಸಮಗ್ರ ಶಿಶು ಅಭಿವೃದ್ಧಿ ಯೋಜನೆ ಕರ್ನಾಟಕದಲ್ಲಿ ಮೊದಲು ಕಾಲಿಟ್ಟದ್ದು ತಿ.ನರಸೀಪುರದಲ್ಲಿ. ಅಂಗನವಾಡಿಗಳು ಈಗ ನಗರದಲ್ಲೂ ಇವೆ. ಆದರೆ ಅಲ್ಲಿ ಮುಖ್ಯವಾಗಿ ಮೂರು ದಾಟಿದ ಮಕ್ಕಳು ಕೂರುತ್ತಾರೆ. ಬೆಳಿಗ್ಗೆ ಏಳಕ್ಕೆ ಮೊದಲ ಮನೆಯ ಬೆಲ್ ಒತ್ತುವ ತಾಯಿಗೆ ಒಂಬತ್ತರ ಮೇಲೆ ತೆರೆಯುವ ಅಂಗನವಾಡಿ ಹೊಂದುವುದಿಲ್ಲ. 2023ರಲ್ಲಿ ಸರ್ಕಾರ ಘೋಷಿಸಿದ ‘ಕೂಸಿನ ಮನೆ’ಗಳು ಗ್ರಾಮ ಪಂಚಾಯಿತಿಗಳಿಗೆ ಸೇರಿದವು, ನಗರದ ಕೊಳೆಗೇರಿಗಲ್ಲ. ಹೀಗಾಗಿ ಕೂಸು ಅಜ್ಜಿಯ ಬಳಿ ಇರುತ್ತದೆ. ಅಜ್ಜಿ ಇಲ್ಲದಿದ್ದರೆ ಪಕ್ಕದ ಮನೆಯಲ್ಲಿ. ಅದೂ ಆಗದಿದ್ದರೆ ಹಿರಿಯ ಮಗಳು ಅಂದು ಶಾಲೆಗೆ ಹೋಗುವುದಿಲ್ಲ.