ಕೊಕ್ಕೆಗೆ ಭಾರ ಬೀಳುವ ಮುನ್ನ

2024ರ ಆಗಸ್ಟ್ 10ರ ರಾತ್ರಿ ಹೊಸಪೇಟೆಯ ತುಂಗಭದ್ರಾ ಅಣೆಕಟ್ಟಿನ 19ನೇ ಕ್ರಸ್ಟ್ ಗೇಟಿನ ಚೈನ್ ತುಂಡಾಗಿ ಗೇಟು ಕೊಚ್ಚಿಹೋಯಿತು. ಇರುವ 33 ಗೇಟುಗಳಲ್ಲಿ ಹೋದದ್ದು ಒಂದೇ. ಆದರೆ ಆ ಒಂದೇ ಬಾಗಿಲಿನಿಂದ ರೈತರ ಮುಂದಿನ ಬೆಳೆಯ ನೀರು ಹಗಲುರಾತ್ರಿ ಹೊಳೆಗೆ ಸೇರುತ್ತಿತ್ತು. ಗೇಟಿನ ತಜ್ಞ ಕನ್ನಯ್ಯ ನಾಯ್ಡು ಅವರ ಮಾರ್ಗದರ್ಶನದಲ್ಲಿ 60 ಅಡಿ ಉದ್ದ, 4 ಅಡಿ ಎತ್ತರದ ಐದು ಉಕ್ಕಿನ ತುಂಡುಗಳನ್ನು ಮಾಡಿಸಿ, ಹರಿಯುವ ನೀರಿನಲ್ಲೇ ಒಂದರ ಮೇಲೊಂದು ಇಳಿಸುವುದೆಂದು ತೀರ್ಮಾನವಾಯಿತು. ಮೊದಲ ಯತ್ನ ಕೈಗೂಡಲಿಲ್ಲ. ಆಗಸ್ಟ್ 16ರಂದು ಮೊದಲ ತುಂಡು ಕೂತಿತು, 17ರ ಹೊತ್ತಿಗೆ ಐದೂ ಕೂತವು.

ಟಿ.ವಿ.ಯಲ್ಲಿ ನೋಡಿದವರಿಗೆ ಕಂಡದ್ದು ಕ್ರೇನು ಮತ್ತು ಅದರಿಂದ ತೂಗುವ ಉಕ್ಕಿನ ಹಲಗೆ. ದೊಡ್ಡ ಕ್ರೇನಿಗೆ ಅಂಥ ಹಲಗೆಯ ತೂಕ ದೊಡ್ಡದೇನಲ್ಲ. ಕಷ್ಟವಿದ್ದದ್ದು ನೀರಿನಲ್ಲಿ. ಹರಿವು ಹಲಗೆಯನ್ನು ಕೆಳದಂಡೆಯತ್ತ ನೂಕಿ, ಎರಡೂ ಬದಿಯ ಕಂಬಗಳ ತೋಡಿಗೆ ಒತ್ತಿಹಿಡಿಯುತ್ತದೆ. ನೀರು ನೆತ್ತಿಯವರೆಗೆ ನಿಂತಾಗ 60 ಅಡಿ ಅಗಲ, 20 ಅಡಿ ಎತ್ತರದ ಗೇಟಿನ ಮೇಲೆ ಬೀಳುವ ಒತ್ತಡವನ್ನು ಲೆಕ್ಕ ಹಾಕಿದರೆ ಸುಮಾರು 340 ಟನ್ ಬರುತ್ತದೆ. ಈ ಒತ್ತಡದಿಂದ ಹುಟ್ಟುವ ಘರ್ಷಣೆಯನ್ನು ಮೀರಿ ಹಲಗೆ ತನ್ನ ತೂಕದಿಂದಲೇ ಕೆಳಗೆ ಜಾರಬೇಕು. ಏಕೆಂದರೆ ಕ್ರೇನು ಎಳೆಯಬಲ್ಲದು, ಬಿಡಬಲ್ಲದು. ಉಕ್ಕಿನ ಹಗ್ಗದಿಂದ ಯಾವುದನ್ನೂ ಕೆಳಕ್ಕೆ ದೂಡಲಾಗದು. ಒಂದು ತುದಿ ಚೂರು ಮುಂಚೆ ಇಳಿದರೂ ಹಲಗೆ ಓರೆಯಾಗಿ ತೋಡಿನಲ್ಲಿ ಸಿಕ್ಕಿಕೊಳ್ಳುತ್ತದೆ. ಇಂಥ ಕೆಲಸದಲ್ಲಿ ಕ್ರೇನು ಚಾಲೂ ಆಗುವ ಹೊತ್ತಿಗೆ ಮುಕ್ಕಾಲು ಪಾಲು ಕೆಲಸ ಕಾಗದದ ಮೇಲೆ ಮುಗಿದಿರಬೇಕು.

ನಮ್ಮ ಕಟ್ಟಡದ ಸೈಟುಗಳಲ್ಲಿ ಈ ಕಾಗದದ ಕೆಲಸಕ್ಕೆ ಬದಲಾಗಿ ಒಂದು ಪ್ರಶ್ನೆ ಚಲಾವಣೆಯಲ್ಲಿದೆ: ‘ಎಷ್ಟು ಟನ್ನಿನ ಕ್ರೇನ್ ತರಿಸೋಣ?’ ಪ್ರಶ್ನೆಯೇ ಅರ್ಧ. ನೂರು ಟನ್ನಿನ ಕ್ರೇನು ಎಂದರೆ ನೂರು ಟನ್ ಎತ್ತುವ ಕ್ರೇನು ಎಂದುಕೊಂಡರೆ ಕೆಟ್ಟೆವು. ಆ ನೂರು ಟನ್ನು ಕೊಕ್ಕೆಯು ಕ್ರೇನಿನ ನಡುಗಂಬಕ್ಕೆ ಅಂಟಿಕೊಂಡಂತೆ, ಮೂರು ಮೀಟರಿನ ಆಸುಪಾಸಿನಲ್ಲಿದ್ದಾಗ ಮಾತ್ರ. ಕ್ರೇನಿನ ತೋಳಾದ ಬೂಮನ್ನು ಚಾಚಿ ಭಾರವನ್ನು ಮೂವತ್ತು ಮೀಟರ್ ಆಚೆ ಇಡಹೊರಟರೆ ಅದೇ ಯಂತ್ರದ ಶಕ್ತಿ ಹತ್ತು ಟನ್ನಿನ ಆಸುಪಾಸಿಗೆ ಇಳಿದಿರುತ್ತದೆ. ತುಂಬಿದ ಕೊಡವನ್ನು ಸೊಂಟದ ಮೇಲೆ ಹೊತ್ತು ಅರ್ಧ ಮೈಲಿ ನಡೆಯುವ ಹೆಂಗಸಿಗೂ ಅದನ್ನೇ ಕೈ ಚಾಚಿ ಹಿಡಿದು ನಿಲ್ಲೆಂದರೆ ಅರೆಗಳಿಗೆ ಆಗದು. ಕ್ರೇನನ್ನು ಮಗುಚುವುದು ಭಾರ ಮತ್ತು ದೂರ ಎರಡರ ಗುಣಲಬ್ಧ. ಹಾಗಾಗಿ ಪ್ರತಿ ಕ್ರೇನಿನ ಜೊತೆಗೂ ಒಂದು ಲೋಡ್ ಚಾರ್ಟ್ ಬರುತ್ತದೆ: ಇಷ್ಟು ಉದ್ದದ ಬೂಮ್, ಇಷ್ಟು ದೂರ, ಇಷ್ಟು ಕೌಂಟರ್‌ವೇಟ್ ಇದ್ದರೆ ಇಷ್ಟು ಟನ್. ಆಪರೇಟರ್ ಕ್ಯಾಬಿನ್ನಿನಲ್ಲಿ ಆ ಹಾಳೆ ಇರಬೇಕು. ಎಷ್ಟೋ ಕಡೆ ಅದರ ಜಾಗದಲ್ಲಿ ಬಾಡಿಗೆ ಚೀಟಿ ಮಾತ್ರ ಇರುತ್ತದೆ.

ಚಾರ್ಟ್ ಹೇಳುವ ಟನ್ನೂ ಪೂರ್ತಿ ನಮ್ಮ ಸಾಮಾನಿಗೆ ಸಿಗುವುದಿಲ್ಲ. ಕೊಕ್ಕೆಯ ಗಡ್ಡೆ, ಸಾಮಾನಿಗೆ ಕಟ್ಟುವ ಸ್ಲಿಂಗು, ಅದನ್ನು ಜೋಡಿಸುವ ಶಾಕಲ್, ಭಾರವನ್ನು ಹರಡುವ ತೊಲೆ ಎಲ್ಲವನ್ನೂ ಅದರಲ್ಲಿ ಕಳೆಯಬೇಕು. ಸಾಮಾನಿನ ತೂಕವನ್ನಾದರೂ ಯಾರು ಹೇಳಿದರು? ಹಳೆಯ ಟ್ಯಾಂಕೊಂದನ್ನು ಬಿಚ್ಚಿ ಎತ್ತುವಾಗ ನಕ್ಷೆಯಲ್ಲಿ ಬರೆದಿರುವುದು ಖಾಲಿ ಟ್ಯಾಂಕಿನ ತೂಕ. ತಳದಲ್ಲಿ ವರ್ಷಗಟ್ಟಲೆ ಕೂತ ಕೆಸರಿನ ತೂಕ ಯಾವ ನಕ್ಷೆಯಲ್ಲೂ ಇರುವುದಿಲ್ಲ. ಬಿಚ್ಚದೆ ಉಳಿದ ಒಂದು ಬೋಲ್ಟ್ ಸಾಕು, ಕ್ರೇನು ಟ್ಯಾಂಕಿನ ಜೊತೆಗೆ ಅಡಿಪಾಯವನ್ನೂ ಎಳೆಯತೊಡಗುತ್ತದೆ.

ಸ್ಲಿಂಗಿನ ಕೋನದ್ದು ಇನ್ನೊಂದು ಮೋಸ. ಹತ್ತು ಟನ್ನಿನ ಸಾಮಾನಿಗೆ ಎರಡು ಎಳೆ ಕಟ್ಟಿದರೆ ಒಂದೊಂದಕ್ಕೆ ಐದು ಟನ್ ಎಂಬುದು ಎಳೆಗಳು ನೆಟ್ಟಗೆ ನಿಂತಾಗಿನ ಮಾತು. ನೆಲಕ್ಕೆ ಸಮಾಂತರವಾದ ಗೆರೆಯಿಂದ 45 ಡಿಗ್ರಿಗೆ ವಾಲಿದರೆ ಪ್ರತಿ ಎಳೆಯ ಮೇಲೆ 7 ಟನ್ನಿಗೂ ಹೆಚ್ಚು. 30 ಡಿಗ್ರಿಗೆ ಇಳಿದರೆ ಎರಡರ ಮೇಲೂ ತಲಾ ಹತ್ತು ಹತ್ತು ಟನ್! ಸಾಮಾನಿನ ತೂಕ ಗುಂಜಿಯಷ್ಟೂ ಹೆಚ್ಚಿಲ್ಲ. ಸ್ಲಿಂಗ್ ಗಿಡ್ಡ ಇತ್ತು, ‘ನಡೀತದೆ ಬಿಡಿ’ ಎಂದು ಅಗಲಕ್ಕೆ ಹಾಕಿದರು, ಅಷ್ಟೆ. ಸಾಮಾನು ಕಟ್ಟುವ ಅನುಭವಿ ರಿಗ್ಗರ್ ಸಾಮಾನಿಗಿಂತ ಮೊದಲು ಈ ತ್ರಿಕೋನವನ್ನು ನೋಡುತ್ತಾನೆ. ಆಮೇಲೆ ಚೂಪಾದ ಅಂಚಿಗೆ ಬೆಲ್ಟ್ ತಾಗುವಲ್ಲಿ ಗೋಣಿಚೀಲವನ್ನೋ ಹಳೇ ಟೈರಿನ ತುಂಡನ್ನೋ ಸಿಕ್ಕಿಸುತ್ತಾನೆ. ಆಮೇಲೆ ಅರ್ಧ ಅಡಿ ಎತ್ತಿಸಿ ನಿಲ್ಲಿಸುತ್ತಾನೆ. ಆ ಅರ್ಧ ಅಡಿಯಲ್ಲಿ ಬ್ರೇಕ್ ಹಿಡಿಯಿತೇ, ಸಾಮಾನು ಓರೆಯಾಯಿತೇ, ಕ್ರೇನಿನ ಕಾಲಾದ ಜಾಕ್ ಕೂತ ನೆಲ ಕುಸಿಯಿತೇ ಎಲ್ಲವೂ ಗೊತ್ತಾಗುತ್ತದೆ. ತಪ್ಪಿದ್ದರೆ ಇಳಿಸಿದರಾಯಿತು, ನಷ್ಟ ಹತ್ತು ನಿಮಿಷ.

ನೆಲದ ವಿಷಯಕ್ಕೆ ಬರೋಣ, ಏಕೆಂದರೆ ಕ್ರೇನುಗಳು ಮಗುಚುವ ಕತೆ ಎಷ್ಟೋ ಸಲ ಮೇಲಿನಿಂದಲ್ಲ, ಕಾಲಬುಡದಿಂದ ಶುರುವಾಗುತ್ತದೆ. ಬೂಮ್ ಒಂದು ಕಡೆಗೆ ತಿರುಗಿದಾಗ ಇಡೀ ಯಂತ್ರ ಮತ್ತು ಭಾರದ ಬಹುಪಾಲು ಆ ದಿಕ್ಕಿನ ಒಂದೋ ಎರಡೋ ಜಾಕ್‌ಗಳ ಮೇಲೆ ಬೀಳುತ್ತದೆ. ಒಂದು ಜಾಕ್ ಮೇಲೆ 60 ಟನ್ ಬಿತ್ತೆನ್ನಿ. ಅದರ ಪಾದ ಅರ್ಧ ಮೀಟರ್ ಚೌಕವಾದರೆ ನೆಲದ ಮೇಲೆ ಚದರ ಮೀಟರಿಗೆ 240 ಟನ್. ಕೆಳಗೆ ಎರಡು ಮೀಟರ್ ಚೌಕದ ಗಟ್ಟಿ ಹಾಸು ಹಾಕಿದರೆ 15 ಟನ್. ಒಣಗಿದ ಗೊಚ್ಚು ನೆಲ ಇದನ್ನು ತಾಳೀತು. ಗದಗದ ಕಡೆಯ ಎರೆಭೂಮಿ ಬೇಸಿಗೆಯಲ್ಲಿ ಕಲ್ಲಿನಂತೆ ಕಂಡರೂ ಒಂದು ಹದ ಮಳೆ ಬಿದ್ದರೆ ಅದನ್ನು ನಂಬುವಂತಿಲ್ಲ. ನಗರಗಳಲ್ಲಿ ಕಾಂಕ್ರೀಟು ರಸ್ತೆ ನೋಡಿ ಧೈರ್ಯ ತಾಳುತ್ತಾರೆ. ಅದರ ಕೆಳಗೆ ಹಳೆಯ ಚರಂಡಿಯೋ ನಿನ್ನೆ ಮುಚ್ಚಿದ ಕೇಬಲ್ ಗುಂಡಿಯೋ ಇರುತ್ತದೆ.

ನೆಲವೇ ಅಲುಗಾಡುವಂತಿದ್ದರೆ? ನೆದರ್ಲೆಂಡ್ಸಿನ ಆಲ್ಫನ್ ಎಂಬ ಊರಿನಲ್ಲಿ 2015ರ ಆಗಸ್ಟ್ 3ರಂದು ಅದೂ ಆಯಿತು. ಜೂಲಿಯಾನಾ ಸೇತುವೆಯ ಹೊಸ ಭಾಗವನ್ನು ಕೂರಿಸಲು ಎರಡು ಮೊಬೈಲ್ ಕ್ರೇನುಗಳನ್ನು ತೇಲುವ ಬಾರ್ಜುಗಳ ಮೇಲೆ ನಿಲ್ಲಿಸಿ ಜೊತೆಯಾಗಿ ಎತ್ತಿಸಿದರು. ಎತ್ತಿದ ಭಾಗ ಗಾಳಿಯಲ್ಲಿರುವಾಗಲೇ ಎರಡೂ ಕ್ರೇನುಗಳು ನದಿ ದಂಡೆಯ ಮನೆ, ಅಂಗಡಿಗಳ ಮೇಲೆ ಉರುಳಿದವು. ಜನ ಸಾಯದೆ ಉಳಿದದ್ದು ಅದೃಷ್ಟ. ಅಲ್ಲಿನ ಸುರಕ್ಷತಾ ಮಂಡಳಿ ತನಿಖೆ ಮಾಡಿ, ಇಡೀ ಏರ್ಪಾಡಿನ ಸ್ಥಿರತೆಯೇ ಸಾಲದಾಗಿತ್ತು ಎಂದಿತು. ಭೌತಶಾಸ್ತ್ರ ಸರಳವಾಗಿದೆ, ಭಯಾನಕವೂ ಆಗಿದೆ. ಭಾರದಿಂದ ಬಾರ್ಜು ತುಸು ವಾಲುತ್ತದೆ. ವಾಲಿದ್ದರಿಂದ ಬೂಮಿನ ತುದಿ ಇನ್ನಷ್ಟು ಆಚೆ ಹೋಗುತ್ತದೆ. ದೂರ ಹೆಚ್ಚಿದ್ದರಿಂದ ಬಾರ್ಜು ಮತ್ತಷ್ಟು ವಾಲುತ್ತದೆ. ಗಟ್ಟಿ ನೆಲದ ಮೇಲೆ ಬರೆದ ಲೋಡ್ ಚಾರ್ಟಿಗೆ ಈ ಸುತ್ತು ಗೊತ್ತೇ ಇಲ್ಲ. ಎರಡು ಕ್ರೇನುಗಳ ಜೋಡಿಯೆತ್ತುವಿಕೆ ಗಟ್ಟಿ ನೆಲದಲ್ಲೂ ಸುಲಭವಲ್ಲ. ಒಂದು ಸ್ವಲ್ಪ ಬೇಗ ಎತ್ತಿದರೆ ಭಾರದ ಪಾಲು ಬದಲಾಗುತ್ತದೆ. ಆದ್ದರಿಂದಲೇ ಜೋಡಿ ಕೆಲಸದಲ್ಲಿ ಯಾವ ಕ್ರೇನನ್ನೂ ಅದರ ಶಕ್ತಿಯ ಮುಕ್ಕಾಲಿಗಿಂತ ಮೇಲೆ ಬಳಸಬಾರದೆಂಬ ವಾಡಿಕೆ ಬಹಳ ಕಡೆ ಇದೆ.

ಗಾಳಿಯ ಲೆಕ್ಕಕ್ಕೆ ನೆನಪಿಡಬೇಕಾದ ಊರು ಅಮೆರಿಕದ ಮಿಲ್ವಾಕಿ. ಅಲ್ಲಿನ ಬೇಸ್‌ಬಾಲ್ ಕ್ರೀಡಾಂಗಣಕ್ಕೆ ತೆರೆದು ಮುಚ್ಚುವ ಚಾವಣಿ ಕೂರಿಸುತ್ತಿದ್ದರು. ಅದನ್ನು ಎತ್ತುತ್ತಿದ್ದದ್ದು ಜನ ‘ಬಿಗ್ ಬ್ಲೂ’ ಎಂದು ಕರೆಯುತ್ತಿದ್ದ, 567 ಅಡಿ ಎತ್ತರದ ಕ್ರೇನು. 1999ರ ಜುಲೈ 14ರಂದು 400 ಟನ್ನಿಗೂ ಮೀರಿದ ಚಾವಣಿಯ ತುಂಡನ್ನು ಎತ್ತಿ ಒಯ್ಯುತ್ತಿದ್ದಾಗ ಅದು ಮುರಿದು ಬಿತ್ತು. ಪಕ್ಕದಲ್ಲಿ ಇನ್ನೊಂದು ಕ್ರೇನಿನಿಂದ ತೂಗಿದ ಬುಟ್ಟಿಯಲ್ಲಿದ್ದ ಮೂವರು ಕೆಲಸಗಾರರು ಸತ್ತರು. ಅವತ್ತು ಬಿರುಗಾಳಿಯೇನೂ ಇರಲಿಲ್ಲ, ಗಂಟೆಗೆ ಮೂವತ್ತು ನಲವತ್ತು ಕಿಲೊಮೀಟರಿನ ಗಾಳಿ. ಕ್ರೇನಿನ ಮೇಲೆ ಬೀಳುವ ಗಾಳಿಯ ಒತ್ತಡವನ್ನು ಲೆಕ್ಕ ಹಾಕಿದ್ದರು. ಕೊಕ್ಕೆಯಲ್ಲಿ ತೂಗುತ್ತಿದ್ದ ವಿಶಾಲವಾದ ಚಾವಣಿಯ ಮೇಲೆ ಬೀಳುವ ಒತ್ತಡವನ್ನು ಹಾಕಿರಲಿಲ್ಲ. ಗಾಳಿಯ ವೇಗ ಎರಡು ಪಟ್ಟಾದರೆ ಒತ್ತಡ ನಾಲ್ಕು ಪಟ್ಟಾಗುತ್ತದೆ. ತೂಕಕ್ಕಿಂತ ಮೈಯಗಲ ಹೆಚ್ಚಿರುವ ಸಾಮಾನು ಗಾಳಿಗೆ ಬದಿಗೆ ಸರಿದರೆ ಬೂಮಿಗೆ ಪಕ್ಕದಿಂದ ಎಳೆತ ಬೀಳುತ್ತದೆ. ಬೂಮನ್ನು ಕಟ್ಟಿರುವುದು ಮುಖ್ಯವಾಗಿ ನೇರ ಭಾರಕ್ಕೆ, ಪಕ್ಕದ ಎಳೆತಕ್ಕಲ್ಲ.

ಚಿತ್ರದುರ್ಗದ ಗುಡ್ಡಗಳಲ್ಲಿ, ಗದಗಿನ ಕಪ್ಪತಗುಡ್ಡದ ಸುತ್ತ ಗಾಳಿಯಂತ್ರ ನಿಲ್ಲಿಸುವವರಿಗೆ ಇದು ದಿನನಿತ್ಯದ ಸಂಕಟ. ಗಾಳಿ ಹೆಚ್ಚಿರುವ ಜಾಗ ಹುಡುಕಿಯೇ ಅಲ್ಲಿಗೆ ಹೋಗಿರುತ್ತಾರೆ, ರೆಕ್ಕೆ ಏರಿಸಲು ಮಾತ್ರ ಗಾಳಿ ನಿಲ್ಲಬೇಕು! ಸೆಕೆಂಡಿಗೆ ಹತ್ತು ಮೀಟರಿನ ಆಸುಪಾಸು ಬಂತೆಂದರೆ ಸಾಮಾನ್ಯವಾಗಿ ರೆಕ್ಕೆ ಎತ್ತುವುದಿಲ್ಲ. ಕೋಟಿಗಟ್ಟಲೆ ಬೆಲೆಯ ಕ್ರೇನು ದಿನದ ಬಾಡಿಗೆ ತಿನ್ನುತ್ತ ಸುಮ್ಮನೆ ನಿಂತಿರುತ್ತದೆ, ಆಪರೇಟರ್ ನೆರಳು ಹುಡುಕಿ ಮಲಗಿರುತ್ತಾನೆ. ಆ ಬಾಡಿಗೆಯ ಒತ್ತಡ ತಡೆದುಕೊಂಡು ‘ಇವತ್ತು ಬೇಡ’ ಎನ್ನುವ ಎಂಜಿನಿಯರ್ ಇರುವ ಸೈಟೇ ಒಳ್ಳೆಯ ಸೈಟು ಎಂದು ನನ್ನ ಲೆಕ್ಕ.

ಕೆಲಸ ನಿಂತ ಮೇಲೂ ಕ್ರೇನನ್ನು ಮರೆಯುವಂತಿಲ್ಲ. 2015ರ ಸೆಪ್ಟೆಂಬರ್ 11ರಂದು ಮೆಕ್ಕಾದ ದೊಡ್ಡ ಮಸೀದಿಯ ಮೇಲೆ ಬಿದ್ದ ಕ್ರೇನು ಆಗ ಏನನ್ನೂ ಎತ್ತುತ್ತಿರಲಿಲ್ಲ. ಬೂಮನ್ನು ಮೇಲೆತ್ತಿಯೇ ಬಿಟ್ಟಿದ್ದರು, ಬಿರುಗಾಳಿ ಬಂತು, ನೂರಕ್ಕೂ ಹೆಚ್ಚು ಜನ ಸತ್ತರು. ಬಳಕೆಯಲ್ಲಿ ಇಲ್ಲದಾಗ ಬೂಮ್ ಇಳಿಸಿಡಿ ಎಂದು ತಯಾರಕರ ಕೈಪಿಡಿ ಹೇಳುತ್ತಿತ್ತು.

ಇನ್ನು ತೂಗಾಟ. ಮೂವತ್ತು ಮೀಟರ್ ಉದ್ದದ ಹಗ್ಗದಲ್ಲಿ ತೂಗುವ ಭಾರ ಒಮ್ಮೆ ಹೋಗಿ ಬರಲು ಹನ್ನೊಂದು ಸೆಕೆಂಡು ಬೇಕು. ಭಾರ ಎಷ್ಟೇ ಇರಲಿ, ಲೋಲಕದ ಸೂತ್ರ ಒಂದೇ. ಅವಸರದ ಆಪರೇಟರ್ ಬೂಮನ್ನು ಗಕ್ಕನೆ ನಿಲ್ಲಿಸಿದರೆ ಭಾರ ಮುಂದೆ ಹೋಗುತ್ತದೆ, ಅವನು ಹಿಂದಕ್ಕೆಳೆದರೆ ಅದು ಇನ್ನೂ ಜೋರಾಗಿ ವಾಪಸು ಬರುತ್ತದೆ. ಪಳಗಿದವನು ಭಾರ ಹೋದ ಕಡೆಗೇ ಬೂಮಿನ ತುದಿಯನ್ನು ಮೆಲ್ಲಗೆ ಒಯ್ದು, ತೂಗಾಟದ ಕೊನೆಯಲ್ಲಿ ಹಗ್ಗ ನೆಟ್ಟಗಾಗುವಂತೆ ಹಿಡಿಯುತ್ತಾನೆ. ಇದನ್ನು ಪುಸ್ತಕದಿಂದ ಕಲಿಯಲು ಬರುವುದಿಲ್ಲ. ಭಾರ ಕಣ್ಣಿಗೆ ಕಾಣದ ಕಡೆ ಇಳಿಸುವಾಗ ಅವನ ಕಣ್ಣು ಸಿಗ್ನಲ್‌ಮನ್‌ನ ಕೈ. ಸೂಚನೆ ಕೊಡುವವನು ಒಬ್ಬನೇ ಇರಬೇಕು; ಸುತ್ತ ನಿಂತ ನಾಲ್ವರು ‘ಬಿಡು ಬಿಡು’, ‘ಹಿಡಿ ಹಿಡಿ’ ಎಂದು ಕೂಗಿದರೆ ಅವಘಡ ಕಾದಿದೆ ಎಂದೇ ಅರ್ಥ. ‘ನಿಲ್ಲಿಸು’ ಎಂಬ ಒಂದು ಸೂಚನೆ ಮಾತ್ರ ಯಾರು ಕೊಟ್ಟರೂ, ಕಸ ಗುಡಿಸುವವಳು ಕೊಟ್ಟರೂ, ಪಾಲಿಸಲೇಬೇಕು.

ದೊಡ್ಡ ಕ್ರೇನುಗಳಲ್ಲಿ ಈಗ ಭಾರ, ದೂರ ಎರಡನ್ನೂ ಅಳೆದು ಮಿತಿ ಸಮೀಪಿಸಿದರೆ ಕಿರುಚುವ, ಮೀರಿದರೆ ಯಂತ್ರವನ್ನೇ ತಡೆಯುವ ಸಾಧನಗಳಿವೆ. ಆದರೆ ಅವಕ್ಕೆ ಎರೆನೆಲ ಗೊತ್ತಿಲ್ಲ, ಹತ್ತಿರದ ವಿದ್ಯುತ್ ತಂತಿ ಗೊತ್ತಿಲ್ಲ, ಸ್ಲಿಂಗಿನ ಹರಿದ ಎಳೆ ಗೊತ್ತಿಲ್ಲ. ಬೀಪ್ ಶಬ್ದ ತಲೆನೋವೆಂದು ಅವುಗಳ ವಯರು ಕಿತ್ತಿಡುವ ಜಾಣರೂ ಇದ್ದಾರೆ.

ನಮ್ಮ ಬೀದಿಗಳಲ್ಲಿ ದಿನವೂ ಕಾಣುವುದು ಹೈಡ್ರಾ ಎಂಬ ಸಣ್ಣ ಕ್ರೇನು. ಮುಂದೆ ಕಂಬಿಯ ಕಟ್ಟು ತೂಗಿಸಿಕೊಂಡು ಬರುತ್ತಿರುತ್ತದೆ, ಕಟ್ಟು ತಿರುಗದಿರಲೆಂದು ಹವಾಯಿ ಚಪ್ಪಲಿಯ ಹುಡುಗನೊಬ್ಬ ಅದನ್ನು ಕೈಯಲ್ಲೇ ಹಿಡಿದು ಹಿಮ್ಮುಖವಾಗಿ ಹೆಜ್ಜೆ ಹಾಕುತ್ತಿರುತ್ತಾನೆ. ಡ್ರೈವರಿಗೆ ಅವನ ತಲೆಯೂ ಸರಿಯಾಗಿ ಕಾಣದು. ಹುಡುಗ ಎಡವಿದರೆ ಅವನ ಮೇಲೆ ಚಕ್ರವೋ ಕಂಬಿಯೋ, ಎರಡರಲ್ಲೊಂದು. ಅವನ ಕೈಗೆ ಉದ್ದನೆಯ ಹಗ್ಗ ಕೊಟ್ಟು ಪಕ್ಕಕ್ಕೆ, ದೂರಕ್ಕೆ ನಿಲ್ಲಿಸಲು ಆಗುವ ಖರ್ಚು ನೂರೋ ಇನ್ನೂರೋ ರೂಪಾಯಿ.

ನೀರಿನ ಟ್ಯಾಂಕ್ ಏರಿಸಲೋ ಜನರೇಟರ್ ಇಳಿಸಲೋ ನೀವೇ ಕ್ರೇನು ಕರೆಸುವ ದಿನ ಬಂದರೆ ಬಾಡಿಗೆ ಚೌಕಾಶಿಗೆ ಮುಂಚೆ ಮೂರು ಕೇಳಿ: ಈ ದೂರಕ್ಕೆ ಲೋಡ್ ಚಾರ್ಟ್ ಎಷ್ಟು ಹೇಳುತ್ತದೆ, ಜಾಕ್ ಕೆಳಗೆ ಏನು ಹಾಕುತ್ತೀರಿ, ಪರೀಕ್ಷೆಯ ಸರ್ಟಿಫಿಕೇಟ್ ಎಲ್ಲಿ. ಎತ್ತುವ ಯಂತ್ರವನ್ನು ವರ್ಷಕ್ಕೊಮ್ಮೆಯಾದರೂ ಅರ್ಹರು ತಪಾಸಣೆ ಮಾಡಬೇಕೆಂಬ ನಿಯಮ 1948ರ ಕಾರ್ಖಾನೆ ಕಾಯ್ದೆಯ ಕಾಲದಿಂದಲೂ ಇದೆ. ಉತ್ತರ ಸಿಗದಿದ್ದರೆ ಬೇರೆ ಕ್ರೇನು ಕರೆಸಿ. ಸಿಕ್ಕರೂ ಎತ್ತುವ ಹೊತ್ತಿಗೆ ಮಕ್ಕಳನ್ನು ಒಳಗೆ ಕರೆದುಕೊಳ್ಳಿ, ತೂಗುವ ಭಾರದ ಕೆಳಗೆ ಯಾರನ್ನೂ ನಿಲ್ಲಗೊಡಬೇಡಿ.