ಧಾರವಾಡದ ಮುಸಿಯಗಳ ಮನೆತನ

ನಮ್ಮ ಹಿತ್ತಲಿನ ಪೇರಲ ಹಣ್ಣಾಗುವುದೇ ಅಪರೂಪ. ಪಕ್ಕದ ಮನೆ ಬಾಯಾರು "ಕರಿ ಮಾರಿ ಮಂಗ್ಯಾ ಬಂದಾವ್ರೀ" ಎಂದು ಕೂಗುವಷ್ಟರಲ್ಲಿ ಕಾಯಿ, ಚಿಗುರು ಎರಡೂ ಖಾಲಿ. ಕೆಂಪು ಮೋರೆಯ ಮಂಗ ಹಣ್ಣನ್ನು ಹುಡುಕುತ್ತದೆ, ದವಡೆಯ ಚೀಲದಲ್ಲಿ ತುಂಬಿಕೊಂಡು ಓಡುತ್ತದೆ. ಕರಿ ಮಾರಿಯ ಮುಸಿಯಕ್ಕೆ ಆ ಚೀಲವಿಲ್ಲ. ಅದರ ಬಂಡವಾಳವೆಲ್ಲ ಹೊಟ್ಟೆಯಲ್ಲಿ. ಆಕಳಿನದರಂತೆ ಹಲವು ಕೋಣೆಗಳಾಗಿರುವ ಆ ಜಠರದಲ್ಲಿ ಸೂಕ್ಷ್ಮಜೀವಿಗಳು ಎಲೆಯನ್ನು ಹುಳಿಸಿ ಕರಗಿಸುತ್ತವೆ. ಒಗರು ಕಾಯಿಯೂ ದಕ್ಕುತ್ತದೆ. ಮೈಗಿಂತ ಉದ್ದದ ಬಾಲದಿಂದ ಕೊಂಬೆ ಹಿಡಿಯಲು ಬರುವುದಿಲ್ಲ, ನೆಗೆಯುವಾಗ ತೂಕ ಸರಿದೂಗಿಸಲಷ್ಟೇ ಅದು.

ಬೆಳೆದವರ ಬೂದು ಮೈಯ ನಡುವೆ ಹಸುಗೂಸು ಮಾತ್ರ ಕಪ್ಪು. ಒಂದು ಹೆಣ್ಣಿನ ಕೈಯಿಂದ ಇನ್ನೊಂದರ ಕೈಗೆ ದಾಟುತ್ತಲೇ ಇರುತ್ತದೆ. ಎಂಥ ಅಕ್ಕರೆ ಎನಿಸುತ್ತದೆ. ಆದರೆ ಇದೇ ಧಾರವಾಡದ ಕಾಡಿನಲ್ಲಿ, 1960ರ ದಶಕದ ಆರಂಭದಲ್ಲಿ, ಜಪಾನಿನ ಸಂಶೋಧಕ ಯುಕಿಮಾರು ಸುಗಿಯಾಮಾ ಕಂಡದ್ದು ಬೇರೆಯೇ ಸಂಗತಿ. ಹೊರಗಿನ ಗಂಡುಗಳು ಒಂದು ಗುಂಪಿನ ಮೇಲೆ ಬಿದ್ದು ಯಜಮಾನನನ್ನು ಓಡಿಸಿದವು. ಗೆದ್ದು ನಿಂತ ಗಂಡು ಹಾಲು ಕುಡಿಯುವ ಮರಿಗಳನ್ನು ಕಚ್ಚಿ ಕೊಂದಿತು.

ಮುಸಿಯಗಳ ದಟ್ಟಣೆ ಹೆಚ್ಚಿ, ಮನುಷ್ಯರ ಕಾಟ ಸೇರಿ ಕೆಟ್ಟ ನಡತೆ ಇದು ಎಂದು ಹಲವರು ವಾದಿಸಿದರು. ರಾಜಸ್ಥಾನದ ಅಬು ಬೆಟ್ಟಕ್ಕೆ 1970ರ ದಶಕದಲ್ಲಿ ಬಂದ ಅಮೆರಿಕದ ಸಂಶೋಧಕಿ ಸಾರಾ ಬ್ಲಾಫರ್ ಹರ್ಡಿಯೂ ಮೊದಲು ದಟ್ಟಣೆಯ ಮಾತನ್ನೇ ಹಿಡಿದಿದ್ದರು. ನೋಡನೋಡುತ್ತ ಲೆಕ್ಕ ಬದಲಾಯಿತು. ಹಾಲೂಡುವ ತಾಯಿ ಬೇಗ ಬೆದೆಗೆ ಬರುವುದಿಲ್ಲ. ಹೊಸ ಗಂಡಿನ ಯಜಮಾನಿಕೆಯೋ ಹೆಚ್ಚು ಕಾಲ ಬಾಳುವಂಥದ್ದಲ್ಲ. ಇನ್ನೊಬ್ಬನ ಮರಿ ಸತ್ತರೆ ತಾಯಿ ಬೇಗ ಬೆದೆಗೆ ಬರುತ್ತಾಳೆ, ತನ್ನ ಸಂತತಿಗೆ ಜಾಗವಾಗುತ್ತದೆ. ಕ್ರೌರ್ಯವೆಂದು ನಾವು ಕಣ್ಣು ಮುಚ್ಚಿಕೊಳ್ಳಬಹುದು. ಲೆಕ್ಕ ಮಾತ್ರ ತಪ್ಪಿಲ್ಲ.

ಹೆಣ್ಣುಗಳೇನೂ ಸುಮ್ಮನಿರುವುದಿಲ್ಲ. ಗರ್ಭಿಣಿಯೂ ಹೊಸ ಗಂಡನ್ನು ಕೂಡುತ್ತಾಳೆ, ಹುಟ್ಟುವ ಮರಿ ಯಾರದೆಂದು ಅವನಿಗೆ ಗೊತ್ತಾಗದಿರಲಿ ಎಂಬಂತೆ. ನನಗೆ ಹೆಚ್ಚು ಇಷ್ಟವಾಗುವವರು ಅಬುವಿನ ಮುದುಕಿಯರು. ಮೇವಿನ ಹೊತ್ತಿನಲ್ಲಿ ಅಂಚಿಗೆ ಸರಿದು ಕೂರುವ ಅವರು, ಮರಿಯ ಮೇಲೆ ಗಂಡು ನುಗ್ಗಿದಾಗ ಎದುರಿಗೆ ಬೀಳುತ್ತಿದ್ದುದನ್ನು ಹರ್ಡಿ ದಾಖಲಿಸಿದ್ದಾರೆ. ಮರಿ ಅವರದ್ದಲ್ಲ. ಆದರೆ ಹೆಣ್ಣು ಮುಸಿಯಗಳು ಸಾಮಾನ್ಯವಾಗಿ ಹುಟ್ಟಿದ ಗುಂಪಿನಲ್ಲೇ ಬಾಳುವುದರಿಂದ ಅದು ಮೊಮ್ಮಗುವೋ, ತಂಗಿಯ ಮಗಳ ಮಗುವೋ ಇರುವ ಸಾಧ್ಯತೆ ಹೆಚ್ಚು.